ಆರಿಸಿದ ಮೇಲೂ ಆರದ ಒಲೆ



ನಮ್ಮ ಕಾರ್ಯಕ್ರಮದಲ್ಲಿ ಕೈಗಾ ಅಣುಸ್ಥಾವರದ ಮಾತು ಬಂದ ದಿನ ಹಿರಿಯ ಕೇಳುಗರೊಬ್ಬರು ಫೋನ್ ಮಾಡಿದ್ದರು. ಮೂಲತಃ ಕಾರವಾರದ ಕಡೆಯವರು, ಈಗ ಇರುವುದು ಚೆಂಬೂರಿನಲ್ಲಿ. "ಅಲ್ಲ ತಂಗೀ, ಒಲೆ ಆರಿಸಿದ ಮೇಲೆ ಅದು ತಣ್ಣಗಾಗಬೇಕಲ್ಲ? ಜಪಾನಿನ ಫುಕುಶಿಮಾದಲ್ಲಿ ಭೂಕಂಪ ಆದ ಕೂಡಲೇ ರಿಯಾಕ್ಟರು ತಾನಾಗಿಯೇ ನಿಂತಿತ್ತು ಅಂತ ನೀವೇ ಹೇಳಿದಿರಿ. ನಿಂತ ಮೇಲೆ ಕರಗಿದ್ದು ಹೇಗೆ?" ಅಂತ ಕೇಳಿದರು. ಪ್ರಸಾರದಲ್ಲಿ ಸಮಯ ಮೀರುತ್ತಿತ್ತು. ಎರಡು ವಾಕ್ಯ ಏನೋ ಹೇಳಿ ಹಾಡು ಹಾಕಿಬಿಟ್ಟೆ. ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ನಾನು ಕನ್ನಡ ಬಿ.ಎ. ಓದಿದವಳು, ಭೌತಶಾಸ್ತ್ರ ನನ್ನ ಮನೆಯಲ್ಲ. ಆದರೂ ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ಸಿಕ್ಕಿದ್ದು ನೂರು ವರ್ಷಗಳ ಒಂದು ಲೆಕ್ಕಪುಸ್ತಕದ ಕಥೆ. ಆ ಪುಸ್ತಕದ ಕೆಲವು ಪುಟಗಳು ಬಹಳ ಕಾಲ ತಪ್ಪಾಗಿದ್ದವು. ಇನ್ನೊಂದು ವಿಚಿತ್ರವೆಂದರೆ, ಆ ತಪ್ಪು ನುಸುಳಿದ್ದು ಅತ್ಯಂತ ಸೂಕ್ಷ್ಮವಾದ ಉಪಕರಣದಿಂದ.

ಮೊದಲು ಒಲೆಯ ವಿಷಯ. ಯುರೇನಿಯಂ ಒಡೆದಾಗ ಎರಡು ತುಣುಕು ಹುಟ್ಟುತ್ತವೆ. ಆ ತುಣುಕುಗಳಿಗೆ ನೆಮ್ಮದಿಯಿಲ್ಲ. ಅವುಗಳೊಳಗಿನ ನ್ಯೂಟ್ರಾನು ಪ್ರೋಟಾನಾಗಿ ಬದಲಾಗುತ್ತದೆ, ಎಲೆಕ್ಟ್ರಾನೊಂದು ಹೊರಗೆ ಹಾರುತ್ತದೆ. ಇದಕ್ಕೇ ಬೀಟಾ ಕ್ಷಯ ಎನ್ನುವುದು. ಬೀಟಾ ಹೋದ ಮೇಲೂ ಉಳಿದ ಬೀಜ ಸಾಮಾನ್ಯವಾಗಿ ಉದ್ವೇಗದಲ್ಲೇ ಇರುತ್ತದೆ. ಆ ಉದ್ವೇಗವನ್ನು ಗಾಮಾ ಕಿರಣಗಳಾಗಿ ಚೆಲ್ಲಿ ಶಾಂತವಾಗುತ್ತದೆ. ರಿಯಾಕ್ಟರು ನಿಲ್ಲಿಸುವುದೆಂದರೆ ಹೊಸದಾಗಿ ಒಡೆಯುವುದನ್ನು ನಿಲ್ಲಿಸುವುದು ಅಷ್ಟೇ. ಆಗಲೇ ಹುಟ್ಟಿರುವ ತುಣುಕುಗಳಿಗೆ ನಮ್ಮ ಸ್ವಿಚ್ಚಿನ ಹಂಗಿಲ್ಲ. ಕೈಗಾದ ಒಂದು ಘಟಕ 220 ಮೆಗಾವಾಟ್ ವಿದ್ಯುತ್ತು ಕೊಡಬೇಕಾದರೆ ಒಳಗೆ ಅದರ ಮೂರು ಪಟ್ಟಿಗಿಂತ ಹೆಚ್ಚು, ಸುಮಾರು 750 ಮೆಗಾವಾಟ್ ಶಾಖ ಹುಟ್ಟಬೇಕು. ನಿಲ್ಲಿಸಿದ ಕ್ಷಣದಲ್ಲೂ ಅದರ ಶೇಕಡಾ 6-7ರಷ್ಟು ಉಳಿದಿರುತ್ತದೆ. ಒಂದು ಗಂಟೆಯ ನಂತರ ಶೇಕಡಾ ಒಂದಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 10 ಮೆಗಾವಾಟ್. ಎರಡು ಕಿಲೋವಾಟಿನ ಐದು ಸಾವಿರ ಗೀಸರುಗಳನ್ನು ಒಂದೇ ಕೋಣೆಯಲ್ಲಿ ಹಚ್ಚಿಟ್ಟ ಹಾಗೆ. ನೀರು ಹರಿಯುತ್ತಿದ್ದರೆ ಚಿಂತೆಯಿಲ್ಲ. ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಭೂಕಂಪವಾಗಿ ಐವತ್ತು ನಿಮಿಷದ ಹೊತ್ತಿಗೆ ಸುನಾಮಿ ಬಂದು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ಪಂಪುಗಳು ನಿಂತವು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡಿನಲ್ಲಿ ಗರ್ಭ ಕರಗಿದ್ದೂ ನಿಲ್ಲಿಸಿದ ನಂತರದ ಇದೇ ಶಾಖದಿಂದ.

ಹಾಗಾದರೆ ಯಾವ ಹೊತ್ತಿಗೆ ಎಷ್ಟು ಶಾಖ ಉಳಿದಿರುತ್ತದೆ? 1940ರ ದಶಕದಲ್ಲಿ ಕ್ಯಾಥರೀನ್ ವೇ ಎಂಬ ವಿಜ್ಞಾನಿ ಯೂಜೀನ್ ವಿಗ್ನರ್ ಜೊತೆ ಸೇರಿ ಒಂದು ಒಟ್ಟಾರೆ ಸೂತ್ರ ಕೊಟ್ಟರು. ಆಮೇಲೆ ಆಕೆ ತಮ್ಮ ಬದುಕಿನ ಬಹುಪಾಲನ್ನು ಜಗತ್ತಿನ ಪ್ರಯೋಗಶಾಲೆಗಳು ಅಳೆದ ಪ್ರತಿಯೊಂದು ಪರಮಾಣು ಬೀಜದ ವಿವರವನ್ನು ಒಂದೆಡೆ ಕೂಡಿಸುವ ಕೆಲಸಕ್ಕೆ ಕೊಟ್ಟರು. ನಾನು ಲೆಕ್ಕಪುಸ್ತಕ ಎಂದದ್ದು ಇಂಥ ಸಂಗ್ರಹಗಳಿಗೇ. ಸೂತ್ರಕ್ಕಿಂತ ನಿಖರವಾದ ಲೆಕ್ಕ ಬೇಕೆಂದರೆ ನೂರಾರು ತುಣುಕುಗಳ ಒಂದೊಂದರ ಪುಟ ತೆರೆದು, ಇದು ಬೀಟಾ ರೂಪದಲ್ಲಿ ಇಷ್ಟು, ಗಾಮಾ ರೂಪದಲ್ಲಿ ಇಷ್ಟು ಕೊಡುತ್ತದೆ ಎಂದು ಕೂಡಬೇಕು.

ಬೀಟಾದ ಲೆಕ್ಕ ಮಾತ್ರ ಮೊದಲಿನಿಂದಲೂ ತಾಳೆಯಾಗದ ಲೆಕ್ಕ. ಬರ್ಲಿನ್ನಿನಲ್ಲಿ ಓಟೊ ಹಾನ್ ಮತ್ತು ಲೀಸ್ ಮೈಟ್ನರ್ ಬೀಟಾ ಕಣಗಳನ್ನು ಅಯಸ್ಕಾಂತದಿಂದ ಬಾಗಿಸಿ ಫೋಟೋ ತಟ್ಟೆಯ ಮೇಲೆ ಬೀಳಿಸಿದಾಗ ಚೊಕ್ಕ ಗೆರೆಗಳು ಮೂಡಿದವು. ಗೆರೆ ಎಂದರೆ ನಿಗದಿತ ಶಕ್ತಿ. ಎಲ್ಲ ಸರಿಯಾಯಿತು ಅನ್ನಿಸಿತು. 1914ರಲ್ಲಿ ಅದೇ ಊರಿಗೆ ಓದಲು ಬಂದಿದ್ದ ಇಂಗ್ಲಿಷ್ ಯುವಕ ಜೇಮ್ಸ್ ಚಾಡ್ವಿಕ್ ಫೋಟೋ ತಟ್ಟೆ ಬಿಟ್ಟು, ಗೈಗರ್ ಅವರ ಹೊಸ ಎಣಿಕೆ ಯಂತ್ರದಿಂದ ಒಂದೊಂದೇ ಕಣವನ್ನು ಎಣಿಸಿದ. ಗೆರೆಗಳು ಇದ್ದವು, ಆದರೆ ತೀರಾ ಸಣ್ಣವು. ಬಹುಪಾಲು ಬೀಟಾಗಳು ಸೊನ್ನೆಯಿಂದ ಒಂದು ಗರಿಷ್ಠ ಮಿತಿಯವರೆಗೆ ಎಲ್ಲ ಶಕ್ತಿಗಳಲ್ಲೂ ಹರಡಿದ್ದವು. ಫೋಟೋ ತಟ್ಟೆ ಗೆರೆಗಳನ್ನು ಎತ್ತಿ ತೋರಿಸಿ ಬಯಲನ್ನು ಮರೆಮಾಡಿತ್ತು. ಈ ಸಂಗತಿ ನೆನಪಿರಲಿ, ಅರವತ್ತು ವರ್ಷದ ಮೇಲೆ ಇದೇ ಕಥೆ ಬೇರೆ ವೇಷದಲ್ಲಿ ಬರುತ್ತದೆ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷ್ ಪ್ರಜೆಯಾದ ಚಾಡ್ವಿಕ್ ಶತ್ರು ದೇಶದವನೆಂದು ಬರ್ಲಿನ್ ಬಳಿಯ ರೂಲೆಬೆನ್ ಎಂಬ ಕುದುರೆ ಜೂಜಿನ ಮೈದಾನದಲ್ಲಿ ಬಂದಿಯಾದ. ವಾಸ ಕುದುರೆ ಲಾಯದಲ್ಲಿ. ಆಗ ಜರ್ಮನಿಯಲ್ಲಿ ವಿಕಿರಣವಿರುವ ಟೂತ್‌ಪೇಸ್ಟು ಮಾರಾಟವಾಗುತ್ತಿತ್ತು, ಹಲ್ಲಿಗೆ ಹೊಳಪು ಬರುತ್ತದೆಂದು ಜಾಹೀರಾತು. ಚಾಡ್ವಿಕ್ ಅದನ್ನೇ ತರಿಸಿಕೊಂಡು ಲಾಯದಲ್ಲಿ ಪ್ರಯೋಗ ಮಾಡಿದ. ಜೊತೆಗಿದ್ದವನು ರಜೆಗೆಂದು ಜರ್ಮನಿಗೆ ಬಂದು ಸಿಕ್ಕಿಬಿದ್ದಿದ್ದ ಚಾರ್ಲ್ಸ್ ಎಲ್ಲಿಸ್ ಎಂಬ ಸೈನಿಕ ವಿದ್ಯಾರ್ಥಿ. ಲಾಯದಲ್ಲಿ ಪಾಠ ಹೇಳಿಸಿಕೊಂಡ ಈ ಹುಡುಗ ಸೈನ್ಯ ಬಿಟ್ಟು ಭೌತವಿಜ್ಞಾನಿಯಾದ. ನಮ್ಮ ಕಥೆಯ ಮುಂದಿನ ನಾಯಕ ಅವನೇ.

ಎಲ್ಲಿಸ್ ಕೇಂಬ್ರಿಜ್‌ನಲ್ಲಿ ಮೊದಲು ಗಾಮಾ ಕಿರಣಗಳ ಹಿಂದೆ ಬಿದ್ದ. ಆ ಚೊಕ್ಕ ಗೆರೆಗಳು ಬೀಜದಿಂದ ಹೊರಟ ಬೀಟಾದವಲ್ಲ. ಬೀಜ ತನ್ನ ಉದ್ವೇಗವನ್ನು ಗಾಮಾ ಆಗಿ ಚೆಲ್ಲುವ ಬದಲು ಅದೇ ಪರಮಾಣುವಿನ ಎಲೆಕ್ಟ್ರಾನಿಗೆ ಕೊಟ್ಟು ಹೊರಗಟ್ಟಿದಾಗ ಮೂಡುವ ಗುರುತುಗಳು. ಅವುಗಳನ್ನು ಹಿಡಿದು 1920ರ ದಶಕದ ಆರಂಭದಲ್ಲಿ ಎಲ್ಲಿಸ್ ಬೀಜದೊಳಗೂ ಮಹಡಿಗಳಿವೆ, ಒಂದು ಮಹಡಿಯಿಂದ ಇನ್ನೊಂದಕ್ಕೆ ಇಳಿಯುವಾಗ ಹೊರಬರುವುದೇ ಗಾಮಾ ಎಂದು ತೋರಿಸಿದ. ಗಾಮಾ ರೋಹಿತದಿಂದ ಬೀಜದ ಒಳಮನೆಯ ನಕ್ಷೆ ಬರೆಯುವ ವಿದ್ಯೆ ಅಲ್ಲಿಂದ ಶುರುವಾಯಿತು.

ಆದರೆ ಬೀಟಾ ಶಕ್ತಿ ಹರಡಿಕೊಳ್ಳುವುದೇಕೆ? ಎಲ್ಲ ಬೀಟಾಗಳೂ ಸಮಾನ ಶಕ್ತಿಯಿಂದಲೇ ಹೊರಟು ದಾರಿಯಲ್ಲಿ ಕಳೆದುಕೊಳ್ಳುತ್ತವೆ ಎಂದು ಮೈಟ್ನರ್ ನಂಬಿದ್ದರು. ಎಲ್ಲಿಸ್ ಮತ್ತು ವೂಸ್ಟರ್ 1927ರಲ್ಲಿ ಬಹಳ ಸರಳವಾದ ಉಪಾಯ ಮಾಡಿದರು. ಒಂದೊಂದೇ ಕಣವನ್ನು ಅಳೆಯುವ ಗೊಡವೆಯೇ ಬೇಡ. ಎಲ್ಲವೂ ಒಳಗೇ ನಿಲ್ಲುವಷ್ಟು ದಪ್ಪದ ಲೋಹದ ಪಾತ್ರೆಯಲ್ಲಿ ಮೂಲವಸ್ತುವನ್ನಿಟ್ಟು ಪಾತ್ರೆ ಎಷ್ಟು ಬಿಸಿಯಾಗುತ್ತದೆಂದು ನೋಡುವುದು. ದಾರಿಯಲ್ಲಿ ಕಳೆದುಹೋದ ಶಕ್ತಿಯೂ ಪಾತ್ರೆಯೊಳಗೇ ಇರಬೇಕಲ್ಲ! ಇದಕ್ಕೆಂದು ಗಾಮಾ ಇಲ್ಲವೆನ್ನುವಷ್ಟು ಕಡಿಮೆಯಿರುವ ರೇಡಿಯಂ-ಇ ಎಂಬ ವಸ್ತುವನ್ನು ಆರಿಸಿದರು, ಏಕೆಂದರೆ ಗಾಮಾ ಪಾತ್ರೆಯನ್ನು ತೂರಿ ಓಡಿಹೋಗುತ್ತದೆ. ಮೈಟ್ನರ್ ಹೇಳಿದ್ದು ನಿಜವಾದರೆ ಪ್ರತಿ ಕ್ಷಯಕ್ಕೆ ಸುಮಾರು 10.5 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಸಿಗಬೇಕಿತ್ತು. ಸಿಕ್ಕಿದ್ದು ಸುಮಾರು 3.5 ಲಕ್ಷ. ಮೈಟ್ನರ್ ದೊಡ್ಡವರು. ತಾವೇ ಮತ್ತೆ ಅಳೆದು ನೋಡಿ ಎಲ್ಲಿಸ್ ಸರಿ ಎಂದು ಒಪ್ಪಿದರು. ಉಳಿದ ಪಾಲು ಎಲ್ಲಿ ಹೋಯಿತು? ಶಕ್ತಿಯ ಲೆಕ್ಕ ಯಾವಾಗಲೂ ತಾಳೆಯಾಗಲೇಬೇಕೆಂದಿಲ್ಲ ಎನ್ನುವವರೆಗೂ ನೀಲ್ಸ್ ಬೋರ್ ಹೋದರು. 1930ರ ಡಿಸೆಂಬರ್ 4ರಂದು ವೊಲ್ಫ್‌ಗ್ಯಾಂಗ್ ಪೌಲಿ ಒಂದು ಸಭೆಗೆ ಪತ್ರ ಬರೆದು ಅಲ್ಲಿ ಸೇರಿದ್ದವರನ್ನು 'ವಿಕಿರಣಶೀಲ ಮಹಿಳೆಯರೇ, ಮಹನೀಯರೇ' ಎಂದು ಸಂಬೋಧಿಸಿ, ಯಾರ ಕಣ್ಣಿಗೂ ಬೀಳದ ಹಗುರ ಕಣವೊಂದು ಉಳಿದ ಶಕ್ತಿಯನ್ನು ಹೊತ್ತೊಯ್ಯುತ್ತಿರಬಹುದೆಂದು ಸೂಚಿಸಿದರು. ಜ್ಯೂರಿಕ್‌ನಲ್ಲಿ ನೃತ್ಯಕೂಟವಿದ್ದದ್ದರಿಂದ ತಾವು ಸಭೆಗೆ ಬರಲಾಗುತ್ತಿಲ್ಲ ಎಂದೂ ಅದರಲ್ಲಿತ್ತು. ಆ ಕಣವೇ ನ್ಯೂಟ್ರಿನೋ. 1956ರಲ್ಲಿ ರೈನ್ಸ್ ಮತ್ತು ಕೋವನ್ ಅಮೆರಿಕದ ಒಂದು ರಿಯಾಕ್ಟರಿನ ಪಕ್ಕದಲ್ಲಿ ಅದನ್ನು ಹಿಡಿದರು.

ಇಲ್ಲಿ ಒಂದು ಗಳಿಗೆ ನಮ್ಮ ನೆಲಕ್ಕೆ ಬರಬೇಕು. ಬೀಟಾ ಕ್ಷಯದಿಂದಲ್ಲದೆ, ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗಲೂ ನ್ಯೂಟ್ರಿನೋ ಹುಟ್ಟುತ್ತದೆ. ಅಂಥ ನ್ಯೂಟ್ರಿನೋಗಳ ಗುರುತು ಮೊದಮೊದಲು ಸಿಕ್ಕ ಜಾಗಗಳಲ್ಲಿ ಒಂದು ನಮ್ಮ ಕೋಲಾರದ ಚಿನ್ನದ ಗಣಿ, 1965ರಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ. ಅದರ ಹಿಂದಿದ್ದದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜೊತೆಗೆ ಜಪಾನ್ ಮತ್ತು ಇಂಗ್ಲೆಂಡಿನ ತಂಡಗಳು. ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನಲ್ಲಿ ಹುಟ್ಟಿದವರು, ಮುಂದೆ ಆ ಸಂಸ್ಥೆಯ ನಿರ್ದೇಶಕರಾದವರು. ಕೊಲಾಬಾದ ಕಡಲ ತೀರಕ್ಕೆ ತಿರುಗಾಡಲು ಹೋದಾಗ ನೆನೆಸಿಕೊಳ್ಳಬಹುದಾದ ಹೆಸರು.

ಇನ್ನು ಗಾಮಾ. ಬೀಟಾ ತನ್ನ ಪಾಲನ್ನು ನ್ಯೂಟ್ರಿನೋ ಜೊತೆ ಹಂಚಿಕೊಳ್ಳುವುದರಿಂದ ಅದನ್ನು ಅಳೆದು ಬೀಜದ ನಕ್ಷೆ ಬರೆಯುವುದು ಕಷ್ಟ. ಗಾಮಾ ಹಾಗಲ್ಲ, ಅದರ ಶಕ್ತಿ ಕರಾರುವಾಕ್ಕು. ಕೋಬಾಲ್ಟ್-60 ಬೀಟಾ ಬಿಟ್ಟ ಮೇಲೆ 11.73 ಲಕ್ಷದ್ದೊಂದು, 13.32 ಲಕ್ಷ ಎಲೆಕ್ಟ್ರಾನ್ ವೋಲ್ಟಿನದ್ದೊಂದು, ಹೀಗೆ ಎರಡು ಗಾಮಾ ಒಂದರ ಹಿಂದೊಂದು ಬರುತ್ತವೆ. ಆದ್ದರಿಂದ ಬೀಟಾ ಕ್ಷಯವನ್ನು ಅರಿಯಲು ಗಾಮಾವನ್ನು ಓದುವುದೇ ವಾಡಿಕೆಯಾಯಿತು. 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಡ್ಟರ್, ಸೋಡಿಯಂ ಅಯೋಡೈಡ್ ಹರಳಿಗೆ ಚೂರು ಥ್ಯಾಲಿಯಂ ಬೆರೆಸಿದರೆ ಗಾಮಾ ಬಿದ್ದಾಗ ಅದು ಚೆನ್ನಾಗಿ ಮಿನುಗುತ್ತದೆಂದು ತೋರಿಸಿದರು. ಮಿನುಗು ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಈ ಹರಳು ಉಪ್ಪಿನ ಬಳಗದ್ದು. ಮುಂಬಯಿ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಗೆ ಆಗುವ ಗತಿಯೇ ಇದಕ್ಕೂ, ಗಾಳಿ ತಾಕದಂತೆ ಮುಚ್ಚಿಡಬೇಕು. ದೊಡ್ಡದಾಗಿ ಬೆಳೆಸಬಹುದು, ಗಾಮಾವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಕಣ್ಣು ಮಂಜು, ಹತ್ತಿರಹತ್ತಿರದ ಗೆರೆಗಳು ಸೇರಿ ಒಂದೇ ಗುಡ್ಡದಂತೆ ಕಾಣುತ್ತವೆ.

1960ರ ದಶಕದ ಆರಂಭದಲ್ಲಿ ಜರ್ಮೇನಿಯಂ ಬಂತು. 1963ರಲ್ಲಿ ಕೆನಡಾದ ಚಾಕ್ ರಿವರ್ ಪ್ರಯೋಗಶಾಲೆಯಲ್ಲಿ ಟ್ಯಾವೆಂಡೇಲ್ ಮತ್ತು ಯುವನ್, ಲಿಥಿಯಂ ಇಳಿಸಿದ ಜರ್ಮೇನಿಯಂ ಹರಳಿನಿಂದ ಗಾಮಾ ರೋಹಿತ ತೆಗೆದಾಗ ಆ ಗುಡ್ಡಗಳೆಲ್ಲ ಸೂಜಿಗಳಾಗಿ ಒಡೆದವು. ಸೋಡಿಯಂ ಅಯೋಡೈಡಿನಲ್ಲಿ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಅಗಲ ಇರುವ ಗುರುತು ಒಳ್ಳೆಯ ಜರ್ಮೇನಿಯಂನಲ್ಲಿ ಎರಡು ಸಾವಿರಕ್ಕೆ ಇಳಿಯುತ್ತದೆ. ಲಾಲನೆ ಪಾಲನೆ ಮಾತ್ರ ಜಾಸ್ತಿ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಸದಾ ಇಡಬೇಕಿತ್ತು. ಒಂದು ಸಲ ಬೆಚ್ಚಗಾದರೆ ಹಳೆಯ ಲಿಥಿಯಂ ಬಗೆಯವು ಕೆಟ್ಟೇಹೋಗುತ್ತಿದ್ದವು. ಆದರೂ ಎಲ್ಲರೂ ಅದರ ಹಿಂದೆ ಹೋದರು. ನಮ್ಮ ದೇಶದಲ್ಲೂ 'ಇಂಗಾ' ಎಂಬ ಜರ್ಮೇನಿಯಂ ಡಿಟೆಕ್ಟರುಗಳ ದೊಡ್ಡ ವ್ಯೂಹವಿದೆ. ಮುಂಬಯಿ, ದೆಹಲಿ, ಕೋಲ್ಕತ್ತಾದ ವೇಗವರ್ಧಕಗಳ ನಡುವೆ ಯಕ್ಷಗಾನ ಮೇಳದಂತೆ ಅದು ತಿರುಗಾಟ ಮಾಡುತ್ತದೆ.

ತಪ್ಪು ನುಸುಳಿದ್ದು ಇಲ್ಲೇ. ಹೇಗೆಂದು ಹೇಳಲು ಒಂದು ಟವರ್ ಕಟ್ಟಡ ಊಹಿಸಿಕೊಳ್ಳಿ. ಲಿಫ್ಟು ಜನರನ್ನು ಬೇರೆಬೇರೆ ಮಹಡಿಗೆ ಬಿಡುತ್ತದೆ. ಯಾರನ್ನು ಎಲ್ಲಿ ಬಿಟ್ಟಿತೆಂಬುದು ಕಾಣುವುದಿಲ್ಲ. ಅಲ್ಲಿಂದ ಎಲ್ಲರೂ ಮೆಟ್ಟಿಲಿಳಿದು ಕೆಳಗೆ ಬರಬೇಕು. ಲಿಫ್ಟು ಎಂದರೆ ಬೀಟಾ, ಮೆಟ್ಟಿಲಿಳಿಯುವುದು ಗಾಮಾ. ವಾಚ್‌ಮನ್ ಮಾಡುವ ಲೆಕ್ಕ ಇದು: ಮೂರನೇ ಮಹಡಿಯಿಂದ ನೂರು ಜನ ಇಳಿದರು, ಮೇಲಿನಿಂದ ಮೂರನೇ ಮಹಡಿಗೆ ಮೂವತ್ತು ಜನ ಬಂದರು, ಹಾಗಾದರೆ ಎಪ್ಪತ್ತು ಜನರನ್ನು ಲಿಫ್ಟು ನೇರ ಅಲ್ಲಿಗೇ ಬಿಟ್ಟಿರಬೇಕು. ಲೆಕ್ಕ ಸರಿಯೇ, ಮೇಲಿನಿಂದ ಬಂದವರೆಲ್ಲ ಕಣ್ಣಿಗೆ ಬಿದ್ದಿದ್ದರೆ. ಆದರೆ ಮೇಲಕ್ಕೆ ಹೋದಂತೆ ಮಹಡಿಗಳು ಒತ್ತೊತ್ತಾಗಿ ನೂರಾರು. ಒಂದೊಂದರಿಂದಲೂ ಒಬ್ಬಿಬ್ಬರು ಮಾತ್ರ, ಅದೂ ಒಂದೇ ಓಟಕ್ಕೆ ಹಲವು ಮಹಡಿ ಹಾರಿ ಬರುತ್ತಾರೆ. ಅಂಥ ದುರ್ಬಲವಾದ, ಹೆಚ್ಚು ಶಕ್ತಿಯ ಗಾಮಾಗಳು ಚಿಕ್ಕ ಜರ್ಮೇನಿಯಂ ಹರಳನ್ನು ತೂರಿಕೊಂಡು ಹೋಗಿಬಿಡುತ್ತಿದ್ದವು. ಹದಿನೆಂಟನೇ ಮಹಡಿಯಿಂದ ಬಂದವನನ್ನು ವಾಚ್‌ಮನ್ ಮೂರನೇ ಮಹಡಿಯವನೆಂದು ಬರೆದುಕೊಂಡ. ಪರಿಣಾಮವಾಗಿ ಲೆಕ್ಕಪುಸ್ತಕದಲ್ಲಿ ಗಾಮಾದ ಪಾಲು ಕಡಿಮೆ, ಬೀಟಾ ಮತ್ತು ನ್ಯೂಟ್ರಿನೋ ಪಾಲು ಹೆಚ್ಚು.

ಇದನ್ನು ಬಯಲಿಗೆ ತಂದದ್ದು 1977ರ ಒಂದು ಕಿಲಾಡಿ ಕೆಲಸ. ಜಾನ್ ಹಾರ್ಡಿ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಇಲ್ಲದ ಒಂದು ಪರಮಾಣು ಬೀಜವನ್ನು ಸೃಷ್ಟಿಸಿದರು. ಅದರ ಎಲ್ಲ ಮಹಡಿ, ಎಲ್ಲ ಗಾಮಾ ಅವರಿಗೆ ಗೊತ್ತು, ಏಕೆಂದರೆ ಬರೆದವರು ಅವರೇ. ಜರ್ಮೇನಿಯಂ ಡಿಟೆಕ್ಟರಿನಲ್ಲಿ ಅದು ಹೇಗೆ ಕಾಣುತ್ತಿತ್ತೋ ಹಾಗೆ ಒಂದು ರೋಹಿತ ತಯಾರಿಸಿ, ಎಲ್ಲ ಪ್ರಯೋಗಶಾಲೆಗಳೂ ಮಾಡುವ ರೀತಿಯಲ್ಲೇ ವಿಶ್ಲೇಷಿಸಿದರು. ಗಾಮಾದ ಸುಮಾರು ಐದರಲ್ಲೊಂದು ಪಾಲು ಕಾಣೆ! ಆ ಕಲ್ಪಿತ ಬೀಜಕ್ಕೆ ಅವರು ಇಟ್ಟ ಹೆಸರು ಪ್ಯಾಂಡಮೋನಿಯಂ, ಮಿಲ್ಟನ್ ಕವಿಯ 'ಪ್ಯಾರಡೈಸ್ ಲಾಸ್ಟ್' ಕಾವ್ಯದಲ್ಲಿ ಸೈತಾನರು ಕಟ್ಟಿದ ನರಕದ ರಾಜಧಾನಿಯ ಹೆಸರು. ಕಾವ್ಯ ಓದುವವರು ಪ್ರಯೋಗಶಾಲೆಯಲ್ಲೂ ಇದ್ದಾರೆಂದು ನನಗೆ ಒಳಗೊಳಗೇ ಖುಷಿ. ಪುಸ್ತಕದಲ್ಲಿರುವ ಜಟಿಲ ನಕ್ಷೆಗಳಲ್ಲಿ ಎಷ್ಟು ನಂಬಬಹುದು ಎಂಬುದು ಅವರ ನೇರ ಪ್ರಶ್ನೆ. ಕೆಲವರಿಗೆ ಸಿಟ್ಟೂ ಬಂದಿರಬೇಕು.

ಪರಿಹಾರವೂ ಮೊದಲೇ ಇತ್ತು. 1970ರ ಹೊತ್ತಿಗೇ ಜಿನೀವಾದ ಸರ್ನ್ ಸಂಸ್ಥೆಯ ಐಸೋಲ್ಡೆಯಲ್ಲಿ ಒಂದು ತಂಡ ಹಳೆಯ ಸೋಡಿಯಂ ಅಯೋಡೈಡಿಗೆ ಮರಳಿತ್ತು. ಮೂಲವಸ್ತುವಿನ ಸುತ್ತ ದೊಡ್ಡ ಹರಳುಗಳನ್ನು ಕವಿಸಿ, ಒಂದು ಕ್ಷಯದಿಂದ ಹೊರಟ ಎಲ್ಲ ಗಾಮಾಗಳನ್ನೂ ಒಟ್ಟಿಗೆ ನುಂಗಿಸುವುದು. ಕೋಬಾಲ್ಟ್-60 ಇಟ್ಟರೆ ಎರಡು ಗೆರೆಗಳ ಬದಲು ಅವುಗಳ ಮೊತ್ತ, ಸುಮಾರು 25 ಲಕ್ಷದ ಒಂದೇ ಗುರುತು ಸಿಗಬೇಕು. ವಾಚ್‌ಮನ್ನನ್ನು ಮನೆಗೆ ಕಳಿಸಿ ಪ್ರತಿಯೊಬ್ಬರ ಸೊಂಟಕ್ಕೂ ಹೆಜ್ಜೆ ಎಣಿಸುವ ಯಂತ್ರ ಕಟ್ಟಿದಂತೆ. ಯಾವ ದಾರಿಯಲ್ಲಿ ಬಂದರೂ ಒಟ್ಟು ಎಷ್ಟು ಮೆಟ್ಟಿಲು ಇಳಿದರೆಂದು ನೋಡಿದರೆ ಎಲ್ಲಿಂದ ಬಂದರೆಂದು ತಿಳಿಯುತ್ತದೆ. ಇದಕ್ಕೆ ಪೂರ್ಣ ಹೀರಿಕೆಯ ರೋಹಿತ ವಿಧಾನ ಎನ್ನಬಹುದು. ಎಲ್ಲಿಸ್ 1927ರಲ್ಲಿ ಬೀಟಾಗಳಿಗೆ ಹಿಡಿದ ಪಾತ್ರೆಯನ್ನೇ ಗಾಮಾಗಳಿಗೂ ಹಿಡಿದ ಹಾಗಾಯಿತು. ಮಂಜುಗಣ್ಣಿನ ಹರಳೇ ಇಲ್ಲಿ ಗೆದ್ದಿತು.

ಆದರೆ ಈ ವಿಧಾನ ಸಲೀಸಲ್ಲ. ಹರಳು ಎಷ್ಟು ದೊಡ್ಡದಾದರೂ ಒಂದಿಷ್ಟು ಗಾಮಾ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ತಕ್ಕಂತೆ ರೋಹಿತವನ್ನು ಹಿಂದುಮುಂದಾಗಿ ಬಿಡಿಸಬೇಕು, ಕೆಳಗಿನ ಮಹಡಿಗಳ ನಕ್ಷೆಗೆ ಜರ್ಮೇನಿಯಂ ಬೇಕೇ ಬೇಕು. ಒಳಗೆ ಬೇರೆ ಬೀಜ ಬೆರೆತರೆ ಎಲ್ಲ ಹಾಳು. ಹೀಗಾಗಿ ಬಹುಕಾಲ ಕೆಲವೇ ಕಡೆ ಇದರ ಕೆಲಸ ನಡೆಯಿತು. 1990ರ ದಶಕದಲ್ಲಿ ಅಮೆರಿಕದ ಐಡಾಹೋದಲ್ಲಿ ಗ್ರೀನ್‌ವುಡ್ ಮತ್ತು ಜೊತೆಗಾರರು ನಲವತ್ತಕ್ಕೂ ಹೆಚ್ಚು ವಿದಳನ ತುಣುಕುಗಳನ್ನು ಹೀಗೆ ಅಳೆದರು. ಸ್ಪೇನಿನ ವೆಲೆನ್ಸಿಯಾ ತಂಡ ಬಿಡಿಸುವ ಗಣಿತವನ್ನು ಪಳಗಿಸಿತು.

ಈಗ ನಮ್ಮ ಕೇಳುಗರ ಒಲೆಗೆ ಮರಳೋಣ. ಪ್ಲುಟೋನಿಯಂ-239 ಒಡೆದ ಮೇಲೆ ಹೊರಬರುವ ಗಾಮಾ ಶಾಖವನ್ನು ನೇರವಾಗಿ ಅಳೆದವರಿಗೂ, ಪುಸ್ತಕದ ಪುಟಗಳನ್ನು ಕೂಡಿ ಲೆಕ್ಕ ಹಾಕಿದವರಿಗೂ ತಾಳೆಯಾಗುತ್ತಿರಲಿಲ್ಲ. ಅದೂ ನಿಲ್ಲಿಸಿದ ಮೊದಲ ಒಂದು ಗಂಟೆಯೊಳಗೆ, ಅಂದರೆ ತಣ್ಣೀರಿನ ಅಗತ್ಯ ಅತಿಹೆಚ್ಚಿರುವ ಹೊತ್ತಿನಲ್ಲಿ. ಜಪಾನಿನ ಯೋಶಿದಾ ಮತ್ತು ಜೊತೆಗಾರರು 1980ರ ದಶಕದಿಂದಲೂ ಇದು ಪ್ಯಾಂಡಮೋನಿಯಂ ಪರಿಣಾಮ ಎನ್ನುತ್ತಿದ್ದರು. 1999ರಲ್ಲಿ ಟೆಕ್ನೀಷಿಯಂ ಬೀಜಗಳ ಕಡೆಗೇ ಬೆರಳು ತೋರಿಸಿದರು. ಮುಂದೆ ಅಂತಾರಾಷ್ಟ್ರೀಯ ತಜ್ಞರ ತಂಡವೊಂದು ತುರ್ತಾಗಿ ಮತ್ತೆ ಅಳೆಯಬೇಕಾದ ಸುಮಾರು ಮೂರು ಡಜನ್ ಬೀಜಗಳ ಪಟ್ಟಿ ಮಾಡಿತು. ಫಿನ್ಲೆಂಡಿನ ಯೂವಾಸ್ಕ್ಯುಲದಲ್ಲಿ ಅಲೆಹಾಂಡ್ರೊ ಅಲ್ಗೋರಾ ತಂಡ ಅವುಗಳಲ್ಲಿ ಏಳನ್ನು ಅಳೆದು 2010ರಲ್ಲಿ ಪ್ರಕಟಿಸಿತು. ಏಳರಲ್ಲಿ ಐದರ ಪುಟ ತಪ್ಪು. ಟೆಕ್ನೀಷಿಯಂ-104 ಎಂಬ, ಅರ್ಧಾಯುಷ್ಯ 18 ನಿಮಿಷದ ತುಣುಕನ್ನೇ ನೋಡಿ. ಸರಾಸರಿ ಗಾಮಾ ಸುಮಾರು 19 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಎಂದು ಬರೆದಿತ್ತು. ನಿಜವಾಗಿ ಇದ್ದದ್ದು ಸುಮಾರು 32 ಲಕ್ಷ! ತಿದ್ದಿದ ಪುಟಗಳನ್ನು ಹಾಕಿ ಕೂಡಿದಾಗ ಪ್ಲುಟೋನಿಯಂ ಲೆಕ್ಕದ ಕೊರತೆಯ ದೊಡ್ಡ ಪಾಲು ತುಂಬಿಬಂತು. ಇದು ಕಾಗದದ ಮೇಲಿನ ತಿದ್ದುಪಡಿ ಮಾತ್ರವಲ್ಲ. ಬೀಟಾ ಇಂಧನದ ಕಡ್ಡಿಯಲ್ಲೇ ನಿಂತು ಅದನ್ನು ಬಿಸಿ ಮಾಡುತ್ತದೆ, ಗಾಮಾ ದೂರ ಹೋಗಿ ಗೋಡೆ, ಉಕ್ಕು, ನೀರನ್ನು ಬಿಸಿ ಮಾಡುತ್ತದೆ. ಯಾವುದು ಎಷ್ಟು ಎಂದು ತಿಳಿಯದೆ ತಂಪು ಮಾಡುವ ವ್ಯವಸ್ಥೆಯನ್ನಾಗಲಿ, ಹಳೆ ಇಂಧನ ಸಾಗಿಸುವ ಪೆಟ್ಟಿಗೆಯ ದಪ್ಪವನ್ನಾಗಲಿ ಹೇಗೆ ನಿರ್ಧರಿಸುವುದು?

ಇದೇ ಪುಟಗಳ ತಪ್ಪು ನ್ಯೂಟ್ರಿನೋ ಲೆಕ್ಕದಲ್ಲೂ ತಲೆನೋವಾಯಿತು. ರಿಯಾಕ್ಟರುಗಳಿಂದ ಬರಬೇಕಾದಷ್ಟು ಪ್ರತಿನ್ಯೂಟ್ರಿನೋಗಳು ಬರುತ್ತಿಲ್ಲ, ಶೇಕಡಾ 6ರಷ್ಟು ಕಡಿಮೆ ಎಂದು 2011ರಲ್ಲಿ ಗದ್ದಲವೆದ್ದಿತು. ಹೊಸ ಬಗೆಯ ನ್ಯೂಟ್ರಿನೋ ಇರಬಹುದೇ ಎಂದು ಹುಡುಕಾಟವೂ ನಡೆಯಿತು. ಪೂರ್ಣ ಹೀರಿಕೆಯ ಅಳತೆಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದಂತೆ, ತುಣುಕುಗಳನ್ನು ಕೂಡಿ ಹಾಕುವ ಲೆಕ್ಕ ತಾನೇ ಇಳಿದು, 2019ರ ಹೊತ್ತಿಗೆ ಚೀನಾದ ದಾಯಾ ಬೇ ಅಳತೆಗೆ ಶೇಕಡಾ 2ರ ಹತ್ತಿರ ಬಂತು. 2023ರಲ್ಲಿ ಫ್ರಾನ್ಸಿನ ಸ್ಟೀರಿಯೋ ಪ್ರಯೋಗ, ಕೊರತೆಗೆ ಹೊಸ ಕಣ ಕಾರಣವಲ್ಲ, ಊಹೆಗೆ ಆಧಾರವಾದ ಬೀಟಾ ದತ್ತಾಂಶದಲ್ಲೇ ದೋಷವಿದೆ ಎಂಬ ಕಡೆಗೆ ತೀರ್ಪು ಕೊಟ್ಟಿತು.

ಆ ಹಿರಿಯರಿಗೆ ಮತ್ತೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸಮಾಧಾನದಿಂದ ಕೇಳಿಸಿಕೊಂಡು, "ಹಾಗಾದ್ರೆ ಈಗ ಪುಸ್ತಕ ಎಲ್ಲ ಸರಿ ಆಯ್ತೋ?" ಅಂದರು. ಇನ್ನೂ ಇಲ್ಲ. ಅಮೆರಿಕದ ಓಕ್ ರಿಜ್‌ನವರು ಸುಮಾರು ಒಂದು ಟನ್ ಸೋಡಿಯಂ ಅಯೋಡೈಡ್ ಜೋಡಿಸಿ ಅಳೆಯತೊಡಗಿದ್ದು ಇದಕ್ಕೇ. ನಮಗೆ ಇನ್ನೂ ಹತ್ತಿರದ ಬಾಬತ್ತೊಂದಿದೆ. ಭಾರತದ ಯೋಜನೆ ಮುಂದೆ ಥೋರಿಯಂ ಕಡೆಗೆ ಹೋಗುವುದು. ಥೋರಿಯಂನಿಂದ ಬರುವ ಯುರೇನಿಯಂ-233ರಿಂದಲೇ ನಡೆಯುವಂತೆ ಕಟ್ಟಿದ ಕಾಮಿನಿ ಎಂಬ ಪುಟ್ಟ ರಿಯಾಕ್ಟರು ಚೆನ್ನೈ ಪಕ್ಕದ ಕಲ್ಪಾಕ್ಕಂನಲ್ಲಿ 1996ರಲ್ಲಿ ಹೊತ್ತಿಕೊಂಡಿತು. ಆ ಯುರೇನಿಯಂ ಒಡೆದಾಗ ಹುಟ್ಟುವ ತುಣುಕುಗಳ ಪ್ರಮಾಣ ಬೇರೆ. ಆದ್ದರಿಂದ ಯಾವ ಪುಟ ಮೊದಲು ತಿದ್ದಬೇಕೆಂಬ ಪಟ್ಟಿಯೂ ಬೇರೆ.